ಯಾರೂ ಒದೆಯದ ಹಿಮ್ಮಡಿ

ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಅಕ್ಕಿಹೆಬ್ಬಾಳಿನ ಹೊರಗೆ ಕುಯಿಲಾದ ಗದ್ದೆಯಲ್ಲಿ ಹಾಕಿದ್ದ ಕಬಡ್ಡಿ ಅಂಕಣದ ಪಡುವಣ ಗೆರೆಯಿಂದ ಒಂದು ಹೆಜ್ಜೆ ಆಚೆಗೆ ನಾನು ನಿಂತಿದ್ದೆ. ಗೆರೆ ಕಾಯುವ ಕೆಲಸ ನನ್ನದು. ಬಿಸಿಲು ನನ್ನ ಬೆನ್ನಿಗಿತ್ತು, ಕಣ್ಣಿಗಲ್ಲ. ಏಳು ವರ್ಷವಾಯಿತು. ಈ ಹೇಳಿಕೆಯಲ್ಲಿ ಏನನ್ನೂ ತಿದ್ದುವ ಅಗತ್ಯ ಬಂದಿಲ್ಲ.

ದಾಳಿಗೆ ಬಂದವನು ಮೂವತ್ತೆಂಟು ದಾಟಿದ ಕಬ್ಬು ಬೆಳೆಗಾರ. ವರ್ಷಕ್ಕೊಮ್ಮೆ ಕಬಡ್ಡಿ ಆಡುತ್ತಿದ್ದ, ಉಳಿದ ದಿನ ಅದರ ಬಗ್ಗೆ ಮಾತಾಡುತ್ತಿದ್ದ. ಎದುರು ತಂಡದ ಮೂಲೆಯಲ್ಲಿ ಹಿಡಿಯಲು ನಿಂತಿದ್ದವನು ಶೀಳನೆರೆಯ ಇಪ್ಪತ್ತೆರಡರ ಯುವಕ, ನನ್ನ ಹಳೆಯ ವಿದ್ಯಾರ್ಥಿ. ತಾಲ್ಲೂಕು ತಂಡಕ್ಕೆ ಆಟಗಾರರನ್ನು ಆರಿಸುವ ಇಬ್ಬರು ಅವತ್ತು ಅವನನ್ನು ನೋಡಲೆಂದೇ ಬಂದಿದ್ದರು.

ಕಬ್ಬಿನವನು ಯಾರನ್ನೂ ಮುಟ್ಟಲಾಗದೆ ತಿರುಗಿ, ನಡುಗೆರೆಯತ್ತ ನೆಗೆಯಲು ಎಡಗಾಲನ್ನು ಊರಿದ. ಕಬ್ಬಿನ ಜಲ್ಲೆಯನ್ನು ಮಂಡಿಗೆ ಕೊಟ್ಟು ಮುರಿದಂಥ ಸದ್ದಾಯಿತು. ಬಿದ್ದ. ಬಿದ್ದವನು ಮೊದಲು ಕಾಲು ನೋಡಿಕೊಳ್ಳಲಿಲ್ಲ. ಹಿಂದೆ ನೋಡಿದ.

"ಇಂದ್ಗಡೆಯಿಂದ ಒದ್ಬುಟ್ಯಲ್ಲಲಾ," ಎಂದ.

ಹಿಂದೆ ನನ್ನ ವಿದ್ಯಾರ್ಥಿ ಇದ್ದ, ನಿಜ. ಒಂದು ಮಾರು ದೂರದಲ್ಲಿದ್ದ. ಅವನ ಎರಡೂ ಪಾದ ನೆಲದ ಮೇಲಿದ್ದವು.

ಆಟ ನಿಂತಿತು. ಅಂಪೈರು, ನಿವೃತ್ತ ಡ್ರಿಲ್ ಮೇಷ್ಟ್ರು, ನನ್ನನ್ನು ಕರೆದು ಕೇಳಿದರು. ಯಾರೂ ಒದ್ದಿಲ್ಲ ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಹದಿನಾರು ವರ್ಷ ಒಂಬತ್ತನೇ ತರಗತಿಗೆ ವಿಜ್ಞಾನ ಹೇಳಿಕೊಟ್ಟವನು ನಿಲ್ಲಿಸುವುದು ಕಷ್ಟ. ಸ್ನಾಯು ಎಳೆಯಬಲ್ಲದು, ತಳ್ಳಲಾರದು ಎಂದು ಶುರುಮಾಡಿದೆ. ಮೀನಖಂಡವೆಂದರೆ ಎಳೆಗಳ ಕಟ್ಟು, ಆ ಕಟ್ಟಿನೊಳಗೆ ಇನ್ನೂ ಸಣ್ಣ ಕಟ್ಟುಗಳು. ಎಲ್ಲವುಗಳ ಎಳೆತವೂ ಕೊನೆಗೆ ಹಿಮ್ಮಡಿಯ ಮೇಲಿರುವ ಒಂದೇ ಹುರಿಗೆ ಬಂದು ಸೇರುತ್ತದೆ. ವರ್ಷವೆಲ್ಲ ಓಡದಿದ್ದವನು ಒಮ್ಮೆಗೇ ನೆಲ ಒತ್ತಿ ನೆಗೆದರೆ, ಅವನದೇ ಮೀನಖಂಡದ ಎಳೆತಕ್ಕೆ ಆ ಹುರಿ ಹರಿದುಹೋಗಬಹುದು.

ಊರಿನ ಹಿರಿಯರೊಬ್ಬರು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡರು. "ಅಂಗಾರೆ ಅವ್ನ ಕಾಲೇ ಅವ್ನಿಗೆ ಒದೀತು ಅಂತೀರಾ ಮೇಷ್ಟ್ರೇ?"

ಸುತ್ತ ನಿಂತವರು ನಕ್ಕರು. ಬಿದ್ದಿದ್ದವನೂ ಅಷ್ಟು ನೋವಿನಲ್ಲಿ ನಕ್ಕ.

ಆಮೇಲೆ ಅಂಪೈರು ಯುವಕನನ್ನೇ ಕೇಳಿದರು. ಅವನು ತನ್ನ ಪಾದಗಳನ್ನು ಸ್ವಲ್ಪ ಹೊತ್ತು ನೋಡಿಕೊಂಡ. "ನಂಗೆ ಗೊತ್ತಾಗ್ನಿಲ್ಲ ಸಾ. ಅಣ್ಣ ಯಾಕೆ ಸುಳ್ಳೇಳ್ತಾನೆ? ತಗುಲಿರ್ಬೌದು."

ಸ್ನಾಯುವಿನ ಚಿತ್ರ ಬಿಡಿಸಿದ್ದಕ್ಕೆ ನಾನು ಹಿಂದೆ ಅವನಿಗೆ ಪೂರ್ತಿ ಅಂಕ ಕೊಟ್ಟಿದ್ದೆ. ಚಿತ್ರ ಚೆನ್ನಾಗಿತ್ತು. ಆರಿಸಲು ಬಂದಿದ್ದವರು ಅವನ ಆಟ ಒರಟು ಎಂದು ಬರೆದುಕೊಂಡು ಎದ್ದರು.

ಗಾಯಾಳುವನ್ನು ಮೈಸೂರಿಗೆ ಕರೆದೊಯ್ದವರಲ್ಲಿ ನಾನೂ ಇದ್ದೆ. ಡಾಕ್ಟರು ಅವನನ್ನು ಬೋರಲು ಮಲಗಿಸಿ ಬಲಗಾಲಿನ ಮೀನಖಂಡವನ್ನು ಹಿಂಡಿದರು. ಪಾದ ತಾನಾಗಿ ಅಲುಗಿತು. ಎಡಗಾಲಿನದನ್ನು ಹಿಂಡಿದರು. ಪಾದ ಅಲುಗಲಿಲ್ಲ. ಹಿಂದಿನಿಂದ ಯಾರೋ ಒದ್ದ ಹಾಗಾಯಿತೇ ಎಂದು ಕೇಳಿದರು. ಇವನು ಗೆದ್ದವನಂತೆ ನನ್ನ ಮುಖ ನೋಡಿದ. ಈ ಹುರಿ ಹರಿದವರೆಲ್ಲ ಹೀಗೇ ಹೇಳುತ್ತಾರೆ, ಹಿಂದೆ ಯಾರೂ ಇರುವುದಿಲ್ಲ ಎಂದು ಡಾಕ್ಟರು ಮಾತು ಮುಗಿಸಿದರು.

ಆ ಮಾತಿನ ಮೊದಲರ್ಧ ಮಾತ್ರ ಬ್ಯಾಂಡೇಜಿನ ಜೊತೆ ಊರಿಗೆ ಬಂತು. "ಆಟ ನೋಡ್ದೇ ಇರೋ ಡಾಕ್ಟ್ರಿಗೇ ಗೊತ್ತಾಗೋಯ್ತು, ಒದ್ದವ್ರೆ ಅಂತ," ಎಂದು ಅವನು ಬಂದವರಿಗೆಲ್ಲ ಹೇಳಿದ. ಉಳಿದರ್ಧವನ್ನು ನಾನು ಮನೆಮನೆಗೆ ಹೋಗಿ ಹೇಳಿದೆ. ಶಿಷ್ಯನ ಪರ ಮೇಷ್ಟ್ರು ಓಡಾಡುತ್ತಿದ್ದಾರೆ ಎಂದುಕೊಂಡರು. ಶಿಷ್ಯನನ್ನು ಮರುವರ್ಷ ಯಾವ ತಂಡವೂ ಕರೆಯಲಿಲ್ಲ. ಅದರ ಮರುವರ್ಷ ಅವನೇ ಆಟ ನೋಡಲು ಬರಲಿಲ್ಲ. ನೀನು ಒದೆಯಲಿಲ್ಲ ಎಂದು ಅವನಿಗೆ ಮೂರು ಸಲ ಹೇಳಿದ್ದೇನೆ. ತರಗತಿಯಲ್ಲಿ ತಲೆಯಾಡಿಸುತ್ತಿದ್ದಂತೆಯೇ ತಲೆಯಾಡಿಸುತ್ತಾನೆ. "ನೀವೇಳೋದು ಸರಿ ಸಾ," ಎನ್ನುತ್ತಾನೆ. "ಆದ್ರೂ ಅಣ್ಣನ ಕಾಲು ಓಯ್ತಲ್ಲಾ."

ಅಂಪೈರು ಈಗಿಲ್ಲ. ಆ ಹಿರಿಯರೂ ಇಲ್ಲ. ಆರಿಸಲು ಬಂದಿದ್ದ ಇಬ್ಬರೂ ಇದ್ದಾರೆ, ಆದರೆ ಆ ಗಳಿಗೆಯಲ್ಲಿ ಅವರು ಟೀ ಲೋಟ ತೆಗೆದುಕೊಳ್ಳುತ್ತಿದ್ದರು. ಹಾಗಾಗಿ ಅವರನ್ನು ನೋಡಿದವರೆಂದು ಎಣಿಸುವುದಿಲ್ಲ. ಕಬ್ಬಿನವನಿದ್ದಾನೆ, ಸ್ವಲ್ಪ ಕುಂಟುತ್ತಾನೆ, ಸುಳ್ಳು ಹೇಳುವವನಲ್ಲ. ಯುವಕನಿದ್ದಾನೆ, ದಿನಕ್ಕೆರಡು ಹೊತ್ತು ಡೈರಿಗೆ ಹಾಲು ಹಾಕುತ್ತಾನೆ. ಇನ್ನೊಬ್ಬರು, ಅಂಕಣದ ಆಚೆ ಬದಿಯಲ್ಲಿ ನನಗೆ ನೇರ ಎದುರಾಗಿ ಕೂತು ಸೌತೆಕಾಯಿ ಮಾರುತ್ತಿದ್ದ ಹೆಂಗಸು. ಕಳೆದ ತಿಂಗಳು ಅವರನ್ನು ಹುಡುಕಿಕೊಂಡು ಹೋದೆ. ಕಬ್ಬಿನವನಿಗೂ ಯುವಕನಿಗೂ ನಡುವೆ ತಮ್ಮ ಮಂಕರಿ ಇಡುವಷ್ಟು ಜಾಗವಿತ್ತು ಎಂದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, "ನನ್ನ ಯಾರು ಕೇಳಿದ್ರು?" ಎಂದರು. ಶೀಳನೆರೆಗೆ ಬಂದು ಯುವಕನೆದುರೇ ಹೇಳಲು ಒಪ್ಪಿದ್ದಾರೆ. ವ್ಯಾಪಾರ ಇಳಿಯುವ ತನಕ ಕಾಯಬೇಕಂತೆ. ಅಕ್ಕಿಹೆಬ್ಬಾಳಿನ ರೈಲ್ವೆ ಸ್ಟೇಷನ್ನಿನ ಹತ್ತಿರವೇ ಅವರ ಮನೆ. ಕಣ್ಣು ಚೆನ್ನಾಗಿದೆ.