ಕೇಳದೆ ಬರೆದ ಕಾಗದ

ನನ್ನ ಅಕ್ಷರ ಮುತ್ತಿನಂತಿದೆ ಎಂದು ಊರವರೆಲ್ಲ ಹೇಳುತ್ತಿದ್ದರು. ನನ್ನ ಹೆಂಡತಿ ಮಾತ್ರ ಒಂದು ದಿನವೂ ಹೇಳಲಿಲ್ಲ, ಏಕೆಂದರೆ ನಾನು ಅಂಗಡಿ ಸಾಮಾನಿನ ಚೀಟಿಯನ್ನು ಒತ್ತು ದೀರ್ಘಗಳನ್ನೆಲ್ಲ ತೀಡಿ ಬರೆದು ಮುಗಿಸುವಷ್ಟರಲ್ಲಿ ಅವಳ ಒಲೆಯ ಮೇಲಿನ ಎಸರು ಬತ್ತಿಹೋಗುತ್ತಿತ್ತು. ತಮಿಳುನಾಡಿಗೆ ಸೇರಿದ ಕನ್ನಡದ ಊರು ದೊಡ್ಡಗಾಜನೂರಿನ ಶಾಲೆಯಲ್ಲಿ ಮೇಷ್ಟರಾಗಿದ್ದ ನನಗೆ ಈ ಅಕ್ಷರದ ಜಂಬ ತುಸು ಹೆಚ್ಚೇ ಇತ್ತು ಎಂಬುದನ್ನು ನಿಮ್ಮಂಥ ಸ್ನೇಹಿತರಲ್ಲಿ ಮುಚ್ಚಿಡುವುದೇಕೆ? ಆ ಜಂಬದಿಂದಲೇ ಚಾವಡಿಯ ಬರವಣಿಗೆಯನ್ನೂ ಮೈಮೇಲೆ ಎಳೆದುಕೊಂಡಿದ್ದೆ.

ಚಾವಡಿಯಲ್ಲಿ ಜಗಳ ಮುಗಿಸುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಯಾರ ಮೇಲೆ ದೂರು ಬಂತೋ ಅವನು ಹಿರಿಯರೆದುರು ಅಡ್ಡಬಿದ್ದು ‘ತಪ್ಪಾಯ್ತು’ ಅನ್ನಬೇಕು. ನಾನು ‘ನನ್ನಿಂದ ತಪ್ಪು ನಡೆದಿದೆ, ಇನ್ನು ಮುಂದೆ ನಡೆಯದು’ ಎಂದು ಬರೆಯಬೇಕು. ಅವನು ಅದಕ್ಕೆ ಹೆಬ್ಬೆಟ್ಟು ಒತ್ತಬೇಕು. ಆಮೇಲೆ ದೂರಿದವನೂ ಅವನೂ ಒಟ್ಟಿಗೆ ಎಲೆಯಡಿಕೆ ಹಾಕಿಕೊಂಡು ಮನೆಗೆ ಹೋಗಬೇಕು. ಅವನು ನಿಜವಾಗಿ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಕೆದಕಿದರೆ ಜಗಳ ಬೆಳೆಯುತ್ತದೆಯೇ ಹೊರತು ಮುಗಿಯುವುದಿಲ್ಲ ಎಂಬುದು ಎಲ್ಲರ ನಂಬಿಕೆ. ಇದಕ್ಕಿಂತ ಸುಲಭವಾದ ನ್ಯಾಯ ಲೋಕದಲ್ಲಿ ಇನ್ನೆಲ್ಲೂ ಇರಲಾರದು ಎಂದು ನಾನೂ ತಿಳಿದಿದ್ದೆ.

ಹೀಗಿರುವಾಗ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಒಂದು ಮಧ್ಯಾಹ್ನ ನಂಜಪ್ಪನವರ ಹುಲ್ಲಿನ ಮೆದೆಗೆ ಬೆಂಕಿ ಬಿತ್ತು. ನಂಜಪ್ಪನವರು ಊರಿನ ದೊಡ್ಡ ಬೇಸಾಯಗಾರರು. ಅವರ ಕಾಡಂಚಿನ ಹೊಲಕ್ಕೆ ಆನೆ ಹಂದಿ ನುಗ್ಗದಂತೆ ಕಾವಲಿದ್ದವನು ಸೋಲಿಗರ ಕೇತ. ಅಂದು ಬೆಳಿಗ್ಗೆಯೇ ಇಬ್ಬರಿಗೂ ಮಾತಿಗೆ ಮಾತು ಬೆಳೆದಿತ್ತಾದ್ದರಿಂದ ಬೆಂಕಿ ಇಟ್ಟವನು ಅವನೇ ಎಂದು ನಂಜಪ್ಪನವರು ಹಟ ಹಿಡಿದರು. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಮರುದಿನ ಚಾವಡಿ ಸೇರಿತು, ಕೇತ ಅಡ್ಡಬಿದ್ದ, ನಾನು ಬರೆದೆ, ಅವನು ಒತ್ತಿದ, ಇಬ್ಬರೂ ಎಲೆಯಡಿಕೆ ಹಾಕಿಕೊಂಡರು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡು ನಾನು ಶಾಲೆಗೆ ಹೋದೆ.

ಆದರೆ ಮೂರು ದಿನ ಬೂದಿಯ ಗುಡ್ಡೆ ನೋಡಿ ನೋಡಿ ನಂಜಪ್ಪನವರ ಹೊಟ್ಟೆಯುರಿ ಮತ್ತೆ ಹೊತ್ತಿಕೊಂಡಿತು. ಅವರು ನಾನು ಬರೆದ ಕಾಗದವನ್ನೇ ಹಿಡಿದು ತಾಳವಾಡಿಯ ಪೊಲೀಸ್ ಠಾಣೆಗೆ ನಡೆದರು. ಪೊಲೀಸರು ಕೇತನನ್ನು ಘಟ್ಟದ ಕೆಳಗಿನ ಸತ್ಯಮಂಗಲಕ್ಕೆ ಕರೆದೊಯ್ದು ಜೈಲಿಗೆ ಹಾಕಿದರು. ಕೇತನ ಹೆಂಡತಿ ಮಾದಿ, ಸೊಂಟದಲ್ಲೊಂದು ಕೂಸು, ಕೈಯಲ್ಲೊಂದು ಕೂಸು, ಶಾಲೆಯ ಬಾಗಿಲಿಗೆ ಬಂದು ನಿಂತಳು.

“ಚಾವ್ಡೀಲಿ ಮುಗ್ದೋಯ್ತಲ್ಲ ಬುದ್ಧಿ, ಮತ್ಯಾಕ ಇಡ್ಕೊಂಡೋದ್ರು?”

ಹುಲ್ಲಿಗೆ ಬೆಂಕಿ ಇಡುವುದು ವರ್ಷಗಟ್ಟಲೆ ಜೈಲು ಆಗುವಂಥ ಅಪರಾಧ; ಅವನನ್ನು ಒಳಗೆ ತಳ್ಳುವುದಕ್ಕೆ ಪೊಲೀಸರ ಕೈಯಲ್ಲಿದ್ದದ್ದು ನನ್ನ ಮುತ್ತಿನಂಥ ಅಕ್ಷರ ಒಂದೇ. ಅದನ್ನು ಬರೆದವನು ನಾನೇ ಎಂದು ಸಾಕ್ಷಿ ಹೇಳಲು ನನಗೇ ಸಮನ್ಸ್ ಬಂತು. ನಂಜಪ್ಪನವರು ಮನೆಗೆ ಬಂದು, “ಬರ್ದದ್ದ ಬರ್ದಿವ್ನಿ ಅನ್ನಿ ಮೇಷ್ಟ್ರೇ, ಅಷ್ಟೇ ಸಾಕು” ಎಂದು ಹೇಳಿ ಹೋದರು. ಅದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ! ಆದರೂ ಅಂದಿನಿಂದ ನನಗೆ ಅನ್ನ ಸೇರಲಿಲ್ಲ.

ಅಲ್ಲಿಯವರೆಗೆ ವಕೀಲರೆಂದರೆ ಕಳ್ಳರನ್ನು ಕಾಯುವವರು ಎಂಬುದೇ ನನ್ನ ತಿಳಿವಳಿಕೆಯಾಗಿತ್ತು. ಕೇತನಂಥ ಬಡವನಿಗೆ ಕೋರ್ಟೇ ಗೊತ್ತುಮಾಡಿಕೊಟ್ಟ ಆ ವಕೀಲರು ಬಡಕಲು ಮನುಷ್ಯ, ಕೋಟಿನ ತೋಳು ನೂಲು ಬಿಟ್ಟಿತ್ತು, ಮಾತು ಮೆಲ್ಲಗೆ. ಸತ್ಯಮಂಗಲದ ಕೋರ್ಟಿನಲ್ಲಿ ಕಾಗದ ನನ್ನದೇ ಎಂದು ನಾನು ಒಪ್ಪಿಕೊಂಡ ಮೇಲೆ ಅವರು ಎದ್ದು ತಮಿಳಿನಲ್ಲಿ ಕೇಳಿದ್ದು ಇಷ್ಟೇ: ಬರೆಯುವ ಮುಂಚೆ, ಬೆಂಕಿ ಇಟ್ಟೆಯಾ ಎಂದು ಇವನನ್ನು ಯಾರಾದರೂ ಕೇಳಿದರೇ?

ಇಲ್ಲ ಎಂದೆ.

ನೀವು ಕೇಳಿದಿರಾ?

ಇಲ್ಲ.

ಚಾವಡಿಯಲ್ಲಿ ಹೀಗೆ ತಪ್ಪೊಪ್ಪಿಕೊಳ್ಳದೆ ಹೋದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ನೆನಪು ಮಾಡಿಕೊಂಡು ನೋಡಿದೆ, ಒಬ್ಬರೂ ಇರಲಿಲ್ಲ. ಆಗ ನನಗೆ ಏನನ್ನಿಸಿತೋ, ಅವರು ಕೇಳದಿದ್ದರೂ ಹೇಳಿಬಿಟ್ಟೆ: ಹಿಂದಿನ ವರ್ಷ ಪಕ್ಕದ ಮನೆಯ ಕರು ನಮ್ಮ ಬಾವಿಗೆ ಬಿದ್ದಾಗ ನಾನೂ ಚಾವಡಿಯಲ್ಲಿ ಅಡ್ಡಬಿದ್ದಿದ್ದೆ, ನನ್ನಿಂದ ತಪ್ಪು ನಡೆದಿದೆ ಎಂದು ನನ್ನ ಕೈಯಾರೆ ಬರೆದು ಸಹಿ ಮಾಡಿದ್ದೆ. ಕರುವನ್ನು ತಳ್ಳಿದವರು ನೀವೇ ಏನು ಎಂದು ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಕೇಳಿದರು. ಸ್ವಾಮಿ, ಅವತ್ತು ನಾನು ಊರಲ್ಲೇ ಇರಲಿಲ್ಲ, ಚಾಮರಾಜನಗರಕ್ಕೆ ಹೋಗಿದ್ದೆ ಎಂದೆ. ಕೋರ್ಟಿಗೆ ಕೋರ್ಟೇ ನಕ್ಕಿತು. ನಂಜಪ್ಪನವರೊಬ್ಬರು ಮಾತ್ರ ನನ್ನನ್ನು ದುರುಗುಟ್ಟಿ ನೋಡುತ್ತ ಕುಳಿತಿದ್ದರು.

ಹದಿನೈದು ದಿನ ಕಳೆದ ಮೇಲೆ ತೀರ್ಪು ಬಂತು. ಬೆಂಕಿ ಇಟ್ಟದ್ದನ್ನು ಕಂಡವರಿಲ್ಲ, ಏನನ್ನೂ ವಿಚಾರಿಸದೆ ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಬರೆಸಿಕೊಂಡ ಕಾಗದವನ್ನು ನಂಬುವಂತಿಲ್ಲ, ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ. ಆ ಮಾತು ಕಿವಿಗೆ ಬಿದ್ದಾಗ ನನಗೆ ಎಷ್ಟೋ ದಿನಗಳ ಮೇಲೆ ಹೊಟ್ಟೆ ಹಸಿಯಿತು. ಕೋರ್ಟಿನ ಎದುರಿನ ಹೋಟೆಲಿನಲ್ಲಿ ಕೇತನೂ ನಾನೂ ಐದೈದು ಇಡ್ಲಿ ತಿಂದೆವು. ಮೆದೆ ಹೇಗೆ ಹೊತ್ತಿಕೊಂಡಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದು ಒಪ್ಪಿಕೊಂಡು ಮನುಷ್ಯನನ್ನು ಮನೆಗೆ ಕಳಿಸುವುದು ಎಷ್ಟು ದೊಡ್ಡ ವಿವೇಕ ಎಂಬುದನ್ನು ಅಷ್ಟು ಕಾಲ ಮಕ್ಕಳಿಗೆ ಪಾಠ ಹೇಳಿದ ನಾನು ಆ ನೂಲು ಬಿಟ್ಟ ಕೋಟಿನವರಿಂದ ಕಲಿತೆ. ದೂರಿದವನು ತೋರಿಸಿಕೊಡಬೇಕು, ದೂರಿಸಿಕೊಂಡವನು ಸುಮ್ಮನಿದ್ದರೂ ಸಾಕು. ನಾವೋ, ಸಮಾಧಾನದ ಆತುರದಲ್ಲಿ, ನಿಂತವನ ಬಾಯಿಂದಲೇ ಎಲ್ಲವನ್ನೂ ಹೊರಡಿಸಿ ಕೈತೊಳೆದುಕೊಳ್ಳುತ್ತಿದ್ದೆವು. ಇಷ್ಟು ಸಣ್ಣ ಸಂಗತಿ ಹೊಳೆಯಲು ಒಬ್ಬ ಮನುಷ್ಯ ಜೈಲಿಗೆ ಹೋಗಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು.

ಊರಿಗೆ ಹಿಂದಿರುಗುವಾಗ ದಿಂಬದ ಘಾಟಿ ಹತ್ತುವ ಬಸ್ಸಿನಲ್ಲಿ ಕೇತ ನಿಂತೇ ಇದ್ದ. ಕೈಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡೆ. ಎರಡು ತಿರುವು ಕಳೆದ ಮೇಲೆ, “ತಪ್ಪಾಯ್ತು ಕಣ ಕೇತ” ಎಂದೆ.

ಅವನು ಕಿಟಕಿಯಿಂದ ಮುಖ ತಿರುಗಿಸಿ, ನಿಜಕ್ಕೂ ತಿಳಿಯದವನಂತೆ ನನ್ನನ್ನು ನೋಡಿದ.

“ನೀವೇನ್ ಮಾಡುದ್ರಿ ಬುದ್ಧಿ? ಬುಡ್ಸಿ ಏಳಿ.”

ಅಷ್ಟು ವರ್ಷ ಚಾವಡಿಯಲ್ಲಿ ಆ ಮಾತನ್ನು ಬರೆದ ನನಗೆ ಹೀಗೊಂದು ಪ್ರಶ್ನೆ ಕೇಳಬಹುದೆಂದು ಹೊಳೆದೇ ಇರಲಿಲ್ಲ. ನಾನು ಮೊದಲಿನಿಂದ ಹೇಳತೊಡಗಿದೆ. ತಾಳವಾಡಿ ಬರುವವರೆಗೂ ಅವನು ನಡುವೆ ಬಾಯಿ ಹಾಕದೆ ಕೇಳಿದ.