ಮೂರು ಸೀರೆ, ಮೇಲೆ ಕೆಂಪು ದಾರದವರೆಗೆ

ನಾನು ಐದು ವರ್ಷ ಹೆಂಗಸರ ಥ್ರೋಬಾಲ್ ತಂಡದ ನಾಯಕಿಯಾಗಿದ್ದೆ. ಒಳ್ಳೆಯ ನಾಯಕಿಯೇ ಆಗಿದ್ದೆ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ಮುಂದೆ ಹೇಳಲಿರುವುದರಲ್ಲಿ ನಾನು ಅಷ್ಟೇನೂ ಚೆನ್ನಾಗಿ ಕಾಣುವುದಿಲ್ಲ, ಹಾಗಾಗಿ ಒಂದು ಒಳ್ಳೆಯ ಮಾತು ಮೊದಲೇ ಆಗಿಬಿಡಲಿ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರ ಆಗಿನ್ನೂ ಹೊಸ ಬಡಾವಣೆ. ನಮ್ಮ ಬೀದಿಯಲ್ಲಿ ಎಂಟು ಮನೆಗಳಿದ್ದವು, ಉಳಿದದ್ದೆಲ್ಲ ಖಾಲಿ ಸೈಟು. ಬಸವನಗುಡಿಯಿಂದ ಬಂದ ನೆಂಟರು "ಎಲ್ಲಿ ಬಂದು ಸೇರ್ಕೊಂಡ್ರೀ ಇದು" ಎಂದು ಮೂಗು ಮುರಿಯುತ್ತಿದ್ದರು. ಮುರಿಯಲಿ ಎಂದು ನಾನು ಸುಮ್ಮನಿದ್ದೆ. ಬಸವನಗುಡಿಯಲ್ಲಿ ಅವರಿಗೆ ಬಟ್ಟೆ ಒಣಗಿಸುವುದಕ್ಕೆ ಜಾಗವಿರಲಿಲ್ಲ. ನಮಗೆ ಮನೆಯ ಎದುರಿಗೇ ಒಂದು ಮೈದಾನವಿತ್ತು.

ಬಡಾವಣೆಯವರು ಏನೋ ಕಟ್ಟಲೆಂದು ಬಿಟ್ಟು ಮರೆತ ಜಾಗ ಅದು. ಬೆಳಿಗ್ಗೆ ದನ ಮೇಯುತ್ತಿದ್ದವು, ಸಂಜೆ ಗಂಡುಹುಡುಗರು ಕಾಲ್ಚೆಂಡು ಆಡುತ್ತಿದ್ದರು. ನಡುವಿನ ಹೊತ್ತು, ಗಂಡಸರು ಆಫೀಸಿಗೆ ಹೋಗಿ ಮಕ್ಕಳು ಶಾಲೆಯಿಂದ ಬರುವುದಕ್ಕೆ ಮುಂಚೆ, ಅದು ನಮ್ಮದು. ಬಲೆಯ ಮೇಲಿಂದ ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ತಕ್ಷಣ ಆಚೆಗೆ ಎಸೆಯಬೇಕು, ನೆಲಕ್ಕೆ ಬಿದ್ದರೆ ಪಾಯಿಂಟು ಎದುರಿನವರಿಗೆ. ಆಟ ಇಷ್ಟೇ. ಸೀರೆ ಉಟ್ಟು ಆಡಬಹುದಾಗಿದ್ದ ಆಟ. ಸುತ್ತಮುತ್ತಲಿನ ಐದು ತಂಡಗಳು ಸೇರಿ ವರ್ಷಕ್ಕೊಮ್ಮೆ ಪಂದ್ಯಗಳನ್ನು ಇಟ್ಟುಕೊಳ್ಳುತ್ತಿದ್ದೆವು. ಗೆದ್ದವರಿಗೆ ಒಂದು ಹಿತ್ತಾಳೆ ಬಿಂದಿಗೆ. ಅಂಪೈರ್ ಒಬ್ಬರೇ, ನಿವೃತ್ತರಾದ ಡ್ರಿಲ್ ಮೇಷ್ಟ್ರು. ಅವರ ವಿಷಲ್ ಜೋರಾಗಿತ್ತು, ಕಣ್ಣು ಮಾತ್ರ ಮಂದವಾಗಿತ್ತು.

ನಾಯಕಿಯ ಕೆಲಸ ಟಾಸ್‌ನಿಂದ ಶುರುವಾಗುತ್ತದೆ ಎಂದು ತಿಳಿದವರಿಗೆ ನಮ್ಮ ಕಾಲದ ಅತ್ತೆಯರು ಗೊತ್ತಿಲ್ಲ. ಪಂದ್ಯದ ಹಿಂದಿನ ದಿನ ನಾನು ಉಳಿದ ಏಳೂ ಮನೆಗೆ ಹೋಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು, "ದೀಪ ಹಚ್ಚೋ ಹೊತ್ತಿಗೆ ನಿಮ್ಮ ಸೊಸೇನ ತಂದ್ಬಿಡ್ತೀನಿ" ಎಂದು ಮಾತು ಕೊಟ್ಟು ಬರುತ್ತಿದ್ದೆ. ಸೈಕಲ್ ಅಂಗಡಿಯಲ್ಲಿ ಚೆಂಡಿಗೆ ಗಾಳಿ ಹೊಡೆಸುತ್ತಿದ್ದೆ. ಎದುರಾಳಿಗಳಿಗೆ ಪಾನಕ ಮಾಡಿಡುತ್ತಿದ್ದೆ. ಇಬ್ಬರು ಆಟಗಾರ್ತಿಯರಿಗೆ ಪರಸ್ಪರ ಮಾತಿರಲಿಲ್ಲ, ಅವರನ್ನು ಅಕ್ಕಪಕ್ಕ ನಿಲ್ಲಿಸದೆ ತಂಡ ಕಟ್ಟುತ್ತಿದ್ದೆ. ಇವೆಲ್ಲಕ್ಕಿಂತ ದೊಡ್ಡ ಕೆಲಸಗಳು ಎರಡು, ಅಂಗಳ ಅಳೆದು ಗೆರೆ ಹಾಕುವುದು ಮತ್ತು ಆ ಗೆರೆಯನ್ನು ಕಾಯುವುದು. ಮೇಷ್ಟ್ರು ಬಲೆಯ ಪಕ್ಕ ನಿಲ್ಲುತ್ತಿದ್ದರು, ಹಿಂದಿನ ಗೆರೆ ಅವರಿಗೆ ಕಾಣುತ್ತಿರಲಿಲ್ಲ. ಆದ್ದರಿಂದ ಐದೂ ತಂಡದವರು ಒಂದು ಒಪ್ಪಂದಕ್ಕೆ ಬಂದಿದ್ದೆವು. ಯಾರ ಅಂಗಳದಲ್ಲಿ ಆಟವೋ ಆ ತಂಡದ ನಾಯಕಿಯದೇ ಗೆರೆಯ ಮಾತು. ಅವಳು ಒಳಗೆ ಎಂದರೆ ಒಳಗೆ, ಔಟ್ ಎಂದರೆ ಔಟ್. ಅದಕ್ಕೆ ಎದುರಾಡುವಂತಿಲ್ಲ.

ಅಂಗಳ ಅರವತ್ತು ಅಡಿ ಉದ್ದ, ನಲವತ್ತು ಅಡಿ ಅಗಲ. ಮೊದಲ ವರ್ಷ ಮೇಷ್ಟ್ರು ತಮ್ಮ ಹಳೆಯ ಶಾಲೆಯಿಂದ ಅಳತೆಯ ಟೇಪು ತಂದು ಒಂದು ಮಧ್ಯಾಹ್ನದ ಮಟ್ಟಿಗೆ ಕೊಟ್ಟರು. ಅದನ್ನು ವಾಪಸು ಮಾಡಿದ ಮೇಲೆ ಏನು ಮಾಡುವುದು? ಹಗ್ಗ ಇಟ್ಟುಕೊಂಡೆ. ಹಾಲಿನವಳು ಕರು ಕಟ್ಟುವುದಕ್ಕೆ ಒಯ್ದಳು. ಇನ್ನೊಂದು ತಂದೆ, ಅದು ಬಾವಿಗೆ ಹೋಯಿತು. ಆಗ ನನ್ನ ತಲೆಗೆ ಹೊಳೆದದ್ದು ಸೀರೆ. ಯಾವುದೋ ಮದುವೆಯಲ್ಲಿ ಉಡುಗೊರೆ ಬಂದಿದ್ದ ನೂಲಿನ ಸೀರೆ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು. ಹೊಸದು, ಆದರೆ ಬಣ್ಣ ಮಾತ್ರ ಸಗಣಿ ಸಾರಿಸಿದ ಗೋಡೆಯದು. ಉಡುವ ಪೈಕಿಯಲ್ಲ. ಆರು ಗಜ, ಅಂದರೆ ಸರಿಯಾಗಿ ಹದಿನೆಂಟು ಅಡಿ. ಮೇಷ್ಟ್ರಿಂದ ಟೇಪನ್ನು ಇನ್ನೊಮ್ಮೆ ಕೇಳಿ ತಂದು ಪಕ್ಕಕ್ಕಿಟ್ಟು ನೋಡಿ, ಆರು ಅಡಿಗೆ ಕೆಂಪು ದಾರದ ಹೊಲಿಗೆ ಹಾಕಿದೆ, ನಾಲ್ಕು ಅಡಿಗೆ ನೀಲಿ ದಾರದ್ದು. ಉದ್ದಕ್ಕೆ ಮೂರು ಸೀರೆ, ಮೇಲೆ ಕೆಂಪು ದಾರದವರೆಗೆ. ಅಗಲಕ್ಕೆ ಎರಡು ಸೀರೆ, ಮೇಲೆ ನೀಲಿ ದಾರದವರೆಗೆ. ಮೇಷ್ಟ್ರು ನೋಡಿ "ಭೇಷ್" ಎಂದರು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ನಮ್ಮದು ಕೆಮ್ಮಣ್ಣಿನ ನೆಲ. ಪ್ರತಿ ಸಲ ಅಳೆದ ಮೇಲೂ ಸೀರೆ ಕೆಂಪಾಗುತ್ತಿತ್ತು. ನಮ್ಮ ಮನೆಗೆ ಕೊಳಕು ಬಟ್ಟೆ ಆಗದು. ಸೋಡಾ ಹಾಕಿದ ಕುದಿಯುವ ನೀರಿನಲ್ಲಿ ಅದ್ದಿ, ಬಂಡೆಗೆ ಬಡಿದು, ಒಣಗಿಸಿ, ಮಡಿಸಿಡುತ್ತಿದ್ದೆ. ನೂಲಿನ ಬಟ್ಟೆ ಒಗೆದರೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಮಕ್ಕಳ ಲಂಗ, ಚಡ್ಡಿಗಳನ್ನು ಎರಡು ಬೆರಳು ಉದ್ದವಾಗಿಯೇ ಹೊಲಿಸುತ್ತಿದ್ದ ಜಾಣೆ ನಾನು. ಆದರೆ ಆ ಸೀರೆ ನನ್ನ ಲೆಕ್ಕದಲ್ಲಿ ಬಟ್ಟೆಯಾಗಿ ಉಳಿದಿರಲಿಲ್ಲ. ಅದು ಅಳತೆಯಾಗಿಬಿಟ್ಟಿತ್ತು.

ಎರಡನೆಯ ವರ್ಷ ಉಳಿದವರ ಮೈದಾನಗಳಿಗೆಲ್ಲ ಒಂದಲ್ಲ ಒಂದು ತೊಂದರೆ ಬಂದು, ಪಂದ್ಯಗಳೆಲ್ಲ ನಮ್ಮ ಅಂಗಳದಲ್ಲೇ ನಡೆದವು. ಕೊನೆಯದು ಸಾರಕ್ಕಿಯ ತಂಡದ ಮೇಲೆ. ಸಾರಕ್ಕಿ ಆಗ ಪೂರಾ ಹಳ್ಳಿ. ನಮ್ಮ ಬಡಾವಣೆ ಮುಗಿದ ಮೇಲೆ ಹೊಲ, ತೋಟ, ಕೆರೆ, ಆಮೇಲೆ ಊರು. ಅಲ್ಲಿನ ಶಾಲೆಯ ಇಬ್ಬರು ಮೇಡಮ್ಮುಗಳು ಊರ ಸೊಸೆಯರನ್ನು ಸೇರಿಸಿ ತಂಡ ಕಟ್ಟಿದ್ದರು. ನಾಯಕಿ ಮಾತ್ರ ಮೇಡಂ ಅಲ್ಲ, ಒಂದು ರೈತರ ಮನೆಯ ಕಿರಿಸೊಸೆ. ಕುಳ್ಳಿ. ಇಪ್ಪತ್ತೆರಡು ವಯಸ್ಸಿರಬಹುದು. ಭುಜದಿಂದ ಅವಳು ಚೆಂಡು ಬಿಟ್ಟರೆ ಹಿಡಿದವರ ಅಂಗೈ ಉರಿಯುತ್ತಿತ್ತು. ಅವಳು ಬೈದರೆ ಮೇಡಮ್ಮುಗಳೂ ತಲೆ ತಗ್ಗಿಸುತ್ತಿದ್ದರು. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚೂ ಇತ್ತು, ಇಷ್ಟವೂ ಇತ್ತು.

ಹದಿನಾಲ್ಕು ಹದಿನಾಲ್ಕು ಸಮವಾಯಿತು. ಇನ್ನೊಂದು ಪಾಯಿಂಟು ಗೆದ್ದವರಿಗೆ ಬಿಂದಿಗೆ. ಅವಳ ಕೈಗೆ ಚೆಂಡು ಬಂತು. ನಾವೆಲ್ಲ ಮುಂದಿದ್ದೆವು, ಅವಳು ನಮ್ಮ ತಲೆಯ ಮೇಲಿಂದ ಹಿಂದಕ್ಕೆ ಎಸೆದಳು. ನಾನು ತಿರುಗಿ ನೋಡಿದೆ. ಚೆಂಡು ಗೆರೆಯಿಂದ ಒಂದು ಗೇಣು ಆಚೆ ಬಿತ್ತು, ಮಣ್ಣಿನಲ್ಲಿ ಗುರುತೂ ಮೂಡಿತ್ತು.

"ಔಟ್!" ಎಂದು ಕೂಗಿದೆ.

ಅವಳು ಬಲೆಯ ಕೆಳಗಿಂದ ನುಗ್ಗಿ ಬಂದು ಗುರುತು ನೋಡಿದಳು, ಗೆರೆ ನೋಡಿದಳು. "ಅಕ್ಕಾ, ಅಂಗಳ ಸರಿಯಾಗ್ ಅಳ್ದಿದ್ದೀರಾ?"

ನನಗೆ ಮೂಗಿನ ತುದಿಯಲ್ಲೇ ಕೋಪ. "ಗೆರೆ ಮಾತು ನಂದು. ಸೋಲೋದಕ್ಕೂ ಕಲೀಬೇಕಮ್ಮ" ಎಂದುಬಿಟ್ಟೆ. ಅದೂ ಅವಳ ತಂಡದವರೆಲ್ಲರ ಎದುರಿಗೆ. ನಾವು ಪಾನಕ ಹಂಚುತ್ತಿದ್ದಾಗ ಅವಳು ಒಬ್ಬಳೇ ಅಂಗಳದ ಉದ್ದಕ್ಕೂ ಹೆಜ್ಜೆ ಹಾಕುತ್ತಿದ್ದುದನ್ನು ಕಂಡೆ. ಸಿಟ್ಟು ಇಳಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆ.

ಮರುವರ್ಷ ಮೊದಲ ಪಂದ್ಯ ಚಾಮರಾಜಪೇಟೆಯವರ ಮೇಲೆ, ಅವರ ಅಂಗಳದಲ್ಲಿ. ಅಲ್ಲಿ ನಮಗೆ ಎಲ್ಲವೂ ಎಡವಟ್ಟಾಯಿತು. ನಮ್ಮವರು ಆಚೆ ಹೋಗುತ್ತದೆಂದು ಬಿಟ್ಟ ಚೆಂಡುಗಳೆಲ್ಲ ಒಳಗೇ ಬಿದ್ದವು. ಹೀನಾಯವಾಗಿ ಸೋತೆವು. ನಾನು ಸುಮ್ಮನಿರುವ ಪೈಕಿಯೇ? "ನಿಮ್ಮ ಅಂಗಳ ಉದ್ದ ಇದೆ. ಮೋಸ ಇದು. ಟೇಪ್ ತರಿಸಿ" ಎಂದು ಆ ತಂಡದ ನಾಯಕಿಯ ಮೇಲೆ ಹರಿಹಾಯ್ದೆ. ಆಕೆ ಶಾಂತವಾಗಿ "ತರಿಸೋಣಂತೆ" ಎಂದಳು. ಟೇಪು ಬಂತು. ಮೇಷ್ಟ್ರೇ ಮೊಣಕಾಲೂರಿ ಅಳೆದರು. ಅರವತ್ತು ಅಡಿ, ಒಂದು ಕೂದಲು ಹೆಚ್ಚಿಲ್ಲ.

ಮೇಷ್ಟ್ರು ಎದ್ದು ಪಂಚೆಯ ಧೂಳು ಕೊಡವಿಕೊಳ್ಳುತ್ತ ನನ್ನನ್ನೇ ನೋಡಿದರು. "ನಿಮ್ಮ ಅಂಗಳ ಈಗ್ಲೂ ಆ ಸೀರೇಲೇ ಅಳೀತೀರೇನಮ್ಮಾ?"

"ಹೌದು ಸಾರ್" ಎಂದೆ.

ಟೇಪನ್ನು ಕೇಳಿ ಮನೆಗೆ ತಂದೆ. ಬಾಗಿಲು ಹಾಕಿಕೊಂಡು ಹಜಾರದಲ್ಲಿ ಸೀರೆ ಹಾಸಿದೆ. ಹದಿನೇಳು ಅಡಿ, ಒಂದು ಅಂಗುಲ. ಕುದಿನೀರಿನಲ್ಲಿ ಒಗೆದೊಗೆದು ಅದನ್ನು ಕುಗ್ಗಿಸಿದ ನನ್ನ ಕೈಗಳನ್ನೇ ನೋಡುತ್ತ ಕುಳಿತೆ. ಲೆಕ್ಕ ಕಷ್ಟದ್ದೇನಲ್ಲ. ಉದ್ದದಲ್ಲಿ ಒಟ್ಟು ಮೂರು ಅಡಿ ಕಮ್ಮಿ, ಅಂದರೆ ಬಲೆಯಿಂದ ಆಚೀಚೆ ಒಂದೂವರೆ ಅಡಿ. ಅವಳ ಚೆಂಡು ಗೆರೆಯಿಂದ ಒಂದೇ ಗೇಣು ಆಚೆ ಬಿದ್ದಿತ್ತು. ಅದು ಔಟ್ ಅಲ್ಲ. ಬಿಂದಿಗೆ ಸಾರಕ್ಕಿಯದು.

ನಮ್ಮ ತಂಡದವರಿಗೆ ಹೇಳಿದೆ. "ಎರಡೂ ಕಡೆಗೂ ಒಂದೇ ಅಂಗಳ ತಾನೇ? ಈಗ ಯಾಕ್ರೀ ಅದೆಲ್ಲ?" ಎಂದರು. ಆ ವಾದವನ್ನು ನಾನೂ ಎರಡು ದಿನ ನನಗೇ ಹೇಳಿಕೊಂಡಿದ್ದೆ. ಆದರೆ ಆ ಗಿಡ್ಡ ಅಂಗಳದಲ್ಲಿ ವರ್ಷವಿಡೀ ಆಡಿ ಪಳಗಿದವರು ನಾವು, ಅವರಲ್ಲ. ಜೊತೆಗೆ ಇನ್ನೊಂದು ಸುದ್ದಿ ತಿಳಿಯಿತು. ಈ ವರ್ಷ ಸಾರಕ್ಕಿಯ ತಂಡಕ್ಕೆ ಶಾಲೆಯ ಮೇಡಮ್ಮೇ ನಾಯಕಿ. ಆ ಕುಳ್ಳಿ ಆಡುತ್ತಲೇ ಇಲ್ಲ. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಸೀರೆಯನ್ನು ಕಂಕುಳಲ್ಲಿ, ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ಹೊಲಗಳ ನಡುವೆ ಹೊರಟೆ. ದಾರಿಯಲ್ಲಿ ಒಬ್ಬ ಮುದುಕ "ಕೆರೆ ಆ ಕಡೆ ಅದೆ ಕಣವ್ವ" ಎಂದು ಕೈ ತೋರಿಸಿದ. ಅವಳ ಮನೆ ಊರ ಮುಂದೆಯೇ ಇತ್ತು. ಅವಳು ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದಳು, ಆದರೆ ನಗಲಿಲ್ಲ.

ನಿಂತಲ್ಲೇ ಎಲ್ಲ ಹೇಳಿದೆ. ಸೀರೆ, ಸೋಡಾ, ಟೇಪು, ಒಂದೂವರೆ ಅಡಿ. "ನಿನ್ನ ಚೆಂಡು ಒಳಗೇ ಬಿದ್ದಿತ್ತು. ತಪ್ಪು ನಂದು" ಎಂದೆ. ನನ್ನ ಬಾಯಲ್ಲಿ ಆ ಮಾತು ಸುಲಭಕ್ಕೆ ಬರುವಂಥದ್ದಲ್ಲ. ನನ್ನ ಗಂಡ ಇವತ್ತಿಗೂ ಅದನ್ನು ಕೇಳಿಲ್ಲ.

ಅವಳು ಮೊರವನ್ನು ಪಕ್ಕಕ್ಕಿಟ್ಟಳು. "ನಂಗೊತ್ತು ಕಣಕ್ಕ. ಅವತ್ತೇ ಎಜ್ಜೆ ಆಕ್ ನೋಡಿದ್ದೆ. ನಮ್ ಕಣಕ್ಕಿಂತ ಒಂದೆಜ್ಜೆ ಕಮ್ಮಿ ಇತ್ತು. ನಮ್ ತಂಡದೋರ್ಗೆಲ್ಲ ಯೋಳ್ದೆ. ಸೋತೋಳು ನೆಪ ಯೋಳ್ತಾವ್ಳೆ ಅಂದ್ರು. ಜಯನಗರದೋರು ಓದ್ದೋರು, ಅವ್ರು ತೆಪ್ಪಾಗ್ ಅಳೀತಾರಾ ಅಂದ್ರು." ಸೆರಗಿಗೆ ಅಂಟಿದ್ದ ಸಿಪ್ಪೆ ಕೊಡವಿದಳು. "ಸುಳ್ಳಿ ಅನ್ನುಸ್ಕಂಡು ಯಾಕಾಡ್ಲಿ?"

ನಾನು ತಲೆ ತಗ್ಗಿಸಿದೆ. ನನ್ನ ಆಯುಷ್ಯದಲ್ಲಿ ಅಷ್ಟು ನಾಚಿಕೆ ನನಗೆ ಬೇರೆ ಯಾವತ್ತೂ ಆಗಿಲ್ಲ.

"ನಂಗೇನ್ ಯೋಳ್ತೀರಿ, ನಂಗೊತ್ತು" ಎಂದಳು. "ಅವ್ರಿಗೆ ಯೋಳಿ."

ಅರ್ಧ ಗಂಟೆಯಲ್ಲಿ ಅವಳ ಮನೆಯ ಹಿಂದೆ, ಅವರು ಆಡುತ್ತಿದ್ದ ಕಣದಲ್ಲಿ ತಂಡವೆಲ್ಲ ಸೇರಿತು. ಮೇಡಮ್ಮುಗಳು ಬಂದರು, ಅವಳ ಅತ್ತೆ ಬಂದಳು, ಕರೆಯದೆ ಅರ್ಧ ಊರೇ ಬಂತು. ನಾನು ಸೀರೆಯನ್ನು ನೆಲದ ಮೇಲೆ ಹಾಸಿದೆ. ಅವರ ಅಂಗಳ ಅಳೆಯುವುದಕ್ಕೆ ಮೇಷ್ಟ್ರು ಹತ್ತು ಅಡಿಯ ಬಿದಿರ ಗಳ ಕಡಿಸಿಕೊಟ್ಟಿದ್ದರು. ಅದನ್ನು ಅವಳೇ ತಂದು ಸೀರೆಯ ಪಕ್ಕ ಎರಡು ಸಲ ಇಟ್ಟಳು. ಎರಡು ಗಳಕ್ಕೆ ಎರಡು ಅಡಿ ಕಮ್ಮಿ ಇರಬೇಕಾಗಿದ್ದ ಸೀರೆ, ಮೂರು ಅಡಿಗೆ ಒಂದೇ ಅಂಗುಲ ಕಡಿಮೆಯಷ್ಟು ಹಿಂದೆಯೇ ಮುಗಿದಿತ್ತು. ನಾನು ಗಟ್ಟಿಯಾಗಿ, ಹಿಂದೆ ನಿಂತವರಿಗೂ ಕೇಳುವಂತೆ ಹೇಳಿದೆ: "ನಿಮ್ಮ ನಾಯಕಿ ಹೇಳಿದ್ದು ನಿಜ. ನಾನು ಹೇಳಿದ್ದು ಸುಳ್ಳು." ಆಮೇಲೆ ಅವಳ ಅತ್ತೆ, ಅಲ್ಲಿಯವರೆಗೆ ಸೆರಗು ಬಾಯಿಗೆ ಹಿಡಿದು ನಿಂತಿದ್ದವಳು, ಮೇಡಮ್ಮುಗಳ ಕಡೆ ತಿರುಗಿ "ಕೇಳುಸ್ತಾ?" ಎಂದಳು.

ಬಿಂದಿಗೆ ಮುಂದಿಟ್ಟೆ. ಅವಳು ಮುಟ್ಟಲಿಲ್ಲ. "ಅದು ಬ್ಯಾಡ. ಗೆದ್ದೇ ತಕತೀವಿ. ಆ ಸೀರೆ ಕೊಡಿ."

ಆ ಸೀರೆಯನ್ನು ಕೊಡಲು ನನಗೆ ಮುಜುಗರವಾಯಿತು. "ಬೇರೆ ಒಳ್ಳೇದು ತಂದ್ಕೊಡ್ತೀನಿ" ಎಂದೆ.

"ನಿಮ್ಮ ದಾನ ಯಾರಿಗ್ ಬೇಕಿತ್ತು? ಇದೇ ಕೊಡಿ" ಎಂದು ತಾನೇ ಎತ್ತಿ ಮಡಿಸಿಕೊಂಡಳು.

ಎರಡು ವಾರದ ನಂತರ ನಮ್ಮ ಅಂಗಳದಲ್ಲಿ ಸಾರಕ್ಕಿಯ ಮೇಲೆ ಪಂದ್ಯ. ಈ ಸಲ ಟೇಪಿನಲ್ಲಿ ಅಳೆದೆ, ಮೇಷ್ಟ್ರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡೆ. ಅವರ ತಂಡ ಹೊಲದ ಕಡೆಯಿಂದ ಸಾಲಾಗಿ ಬಂತು. ಮುಂದೆ ಅವಳು. ಮೈಮೇಲೆ ಅದೇ ಸೀರೆ. ಮೊಣಕಾಲಿನವರೆಗೆ ಎತ್ತಿ ಬಿಗಿಯಾಗಿ ಕಚ್ಚೆ ಹಾಕಿದ್ದಳು. ಕುಳ್ಳಿಗೆ ಹದಿನೇಳು ಅಡಿ ಸಾಕಾಗಿತ್ತು. ಸಗಣಿಯ ಬಣ್ಣವೆಂದು ನಾನು ಹೀಗಳೆದಿದ್ದು ಅವಳ ಮೈಗೆ ಎಷ್ಟು ಒಪ್ಪಿತ್ತೆಂದರೆ ನನಗೆ ಸಿಟ್ಟೇ ಬಂತು. ಕೆಂಪು ದಾರದ ಹೊಲಿಗೆಯನ್ನು ಬಿಚ್ಚಿರಲಿಲ್ಲ. ಅದು ಎಲ್ಲರಿಗೂ ಕಾಣುವಂತೆ ಎದೆಯ ಮೇಲೆಯೇ ಬಂದಿತ್ತು.

ಟಾಸ್ ಹಾಕುವಾಗ ನಾನು ಮೆಲ್ಲಗೆ ಕೇಳಿದೆ. "ಇವತ್ತು ಗೆರೆ ಮಾತು ಮೇಷ್ಟ್ರಿಗೆ ಬಿಡೋಣ್ವಾ?"

"ಯಾಕೆ? ನಿಮ್ಮಂಗಳ, ನಿಮ್ಮಾತು" ಎಂದಳು. "ನೀವೇ ಕೂಗಿ."

ಆಟ ಬಿಗಿಯಾಗಿಯೇ ನಡೆಯಿತು. ಅವರಿಗೆ ಹದಿನಾಲ್ಕು, ನಮಗೆ ಹನ್ನೆರಡು. ಅವಳ ಕೈಗೆ ಚೆಂಡು ಬಂತು. ನಾವೆಲ್ಲ ಮುಂದಿದ್ದೆವು. ಬುದ್ಧಿ ಕಲಿಯದವರು ನಾವು. ಚೆಂಡು ತಲೆಯ ಮೇಲಿಂದ ಹಾದು ಹೋಯಿತು. ನಾನು ತಿರುಗಿ ಓಡಿದೆ. ಗೆರೆಗೂ ಗುರುತಿಗೂ ನಡುವೆ ನಾಲ್ಕು ಬೆರಳು. ಈ ಕಡೆ.

ಅವಳು ಬಲೆಯ ಹತ್ತಿರ ಬರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಲ್ಲೇ ನನ್ನ ಬಾಯನ್ನು ನೋಡುತ್ತಿದ್ದಳು.

"ಒಳಗೆ!" ಎಂದು ನಾನು ಕೂಗಿದ್ದು ಬೀದಿಯ ಕೊನೆಯ ಮನೆಯವರೆಗೆ ಕೇಳಿಸಿತಂತೆ.