ಭಾವ ಆರಿಸಿದ ಫ್ಯಾನು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬಾಯಿ ತೆರೆದರೆ ಸಾಕು, ಮೊದಲು ಉದುರುವುದು ‘ಅಕಸ್ಮಾತ್’. ಅಕಸ್ಮಾತ್ ಗಾಳಿ ಎದ್ದರೆ? ಅಕಸ್ಮಾತ್ ಹಗ್ಗ ಬಿಚ್ಚಿಕೊಂಡರೆ? ನಮ್ಮ ನಡುಗಡ್ಡೆಯವರು ಅದನ್ನೇ ಅವರಿಗೆ ಅಡ್ಡಹೆಸರಾಗಿ ಅಂಟಿಸಿದ್ದರು. ಹಿಂಬದಿಗೆ ಸಣ್ಣ ಎಂಜಿನ್ ತೂಗುಹಾಕಿದ ದೋಣಿಯಲ್ಲಿ ಅವರು ಜನರನ್ನೂ ತರಕಾರಿಯನ್ನೂ ಆಚೆ ದಡದ ಪಟ್ಟಣಕ್ಕೆ ಸಾಗಿಸುತ್ತಿದ್ದರು. ಇಷ್ಟು ಹೆದರುವ ಮನುಷ್ಯ ನೀರಿನ ಮೇಲೆ ಹೇಗೆ ಬಾಳುತ್ತಾರೋ ಎಂದು ನಾನು ಎಷ್ಟೋ ಸಲ ತಲೆ ಕೆಡಿಸಿಕೊಂಡಿದ್ದೇನೆ.

ಅವರ ಮಗಳು ಗರ್ಭಿಣಿಯಾದ ಮೇಲಂತೂ ಕೇಳುವುದೇ ಬೇಡ. ಅವಳಿಗೆ ರಕ್ತದೊತ್ತಡ ಏರುತ್ತಿತ್ತು. ದಿನ ಹತ್ತಿರವಾದಾಗ ಪಟ್ಟಣಕ್ಕೆ ಬಂದುಬಿಡಿ, ಅದಕ್ಕೂ ಮೊದಲೇ ನೋವು ಬಂದರೆ ಒಂದು ಗಳಿಗೆಯೂ ತಡಮಾಡಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ದೋಣಿಗೆ ಬೇಕಾಗುತ್ತಿದ್ದುದು ಮುಕ್ಕಾಲು ಗಂಟೆ. ಭಾವ ತಟ್ಟೆಯ ಮುಂದೆ ಕೂತರೂ ತುತ್ತು ಇಳಿಯುತ್ತಿರಲಿಲ್ಲ. ಕೊನೆಗೆ ದೋಣಿಯ ವೇಗ ಹೆಚ್ಚಿಸಲು ನನ್ನನ್ನೂ ಎಳೆದುಕೊಂಡು ಪಟ್ಟಣದ ಮೆಕ್ಯಾನಿಕ್ ಹತ್ತಿರ ಹೋದರು.

“ಎಂಜಿನ್ ಹೆಡ್ ಸ್ವಲ್ಪ ತರಿದ್ರೆ ಜೋರು ಬರುತ್ತೆ, ಬಿಸಿನೂ ಏರುತ್ತೆ,” ಎಂದ ಮೆಕ್ಯಾನಿಕ್.

“ಅಕಸ್ಮಾತ್ ಸುಟ್ಟುಹೋದ್ರೆ?”

“ಕಾರ್ಬ್ಯುರೇಟರಿಗೆ ದೊಡ್ಡ ಜೆಟ್ ಹಾಕೋಣ. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅಷ್ಟೇ.”

“ಅಕಸ್ಮಾತ್ ನಡುನೀರಲ್ಲಿ ಖಾಲಿಯಾದ್ರೆ?”

ಮೆಕ್ಯಾನಿಕ್ ಉಸ್ಸೆಂದು, ಗೋಡೆಯ ಮೊಳೆಯಿಂದ ಒಂದು ಪ್ರೊಪೆಲರ್ ಇಳಿಸಿದ. ನಾವೆಲ್ಲ ಅದಕ್ಕೆ ಫ್ಯಾನು ಎನ್ನುತ್ತೇವೆ. ಅದರ ರೆಕ್ಕೆಗಳ ಓರೆ ನಮ್ಮದಕ್ಕಿಂತ ಹೆಚ್ಚಿತ್ತು.

“ಇದು ಒಂದೊಂದು ಸುತ್ತಿಗೂ ಜಾಸ್ತಿ ದೂರ ತಳ್ಳುತ್ತೆ. ಆದ್ರೆ ಭಾರ ಹಾಕಿದ್ರೆ ಈ ಎಂಜಿನ್ ಇದನ್ನ ತಿರುಗಿಸೋಕೆ ಒದ್ದಾಡುತ್ತೆ. ಎಷ್ಟು ಜನ ಕೂರ್ತೀರಿ?”

“ನಾನು, ಮಗಳು. ಇಬ್ಬರೇ,” ಎಂದರು ಭಾವ.

ಮರುದಿನ ಹೊಸ ಫ್ಯಾನು ಹಾಕಿಕೊಂಡು ಒಬ್ಬರೇ ಹೋಗಿ ಓಡಿಸಿ ನೋಡಿದರು. ದೋಣಿ ನೀರನ್ನು ಮುಟ್ಟಿಯೂ ಮುಟ್ಟದಂತೆ ಹಾರಿತು. ದಡಕ್ಕೆ ಬಂದವರು, “ಅರ್ಧಕ್ಕರ್ಧ ಹೊತ್ತು ಉಳೀತು ಕಣೋ!” ಎಂದು ನನ್ನ ಬೆನ್ನಿಗೆ ಗುದ್ದಿದರು. ಅಂದು ಎರಡು ಸಲ ಅನ್ನ ಬಡಿಸಿಕೊಂಡರು.

ನೋವು ಒಂದು ಮಧ್ಯಾಹ್ನ ಬಂತು, ದಿನಕ್ಕೆ ಮೊದಲೇ. ಭಾವ ಮಗಳನ್ನು ದೋಣಿಯಲ್ಲಿ ಮಲಗಿಸಿದರು. ಅಕ್ಕ ಕೇಳದೆಯೇ ಹತ್ತಿ ಅವಳ ಪಕ್ಕ ಕೂತಳು. ಅಷ್ಟರಲ್ಲಿ ಭಾವನಿಗೆ ಶುರುವಾಯಿತು. ಅಕಸ್ಮಾತ್ ದಾರಿಯಲ್ಲೇ ಹೆರಿಗೆಯಾದರೆ? ಪಕ್ಕದ ಮನೆಯ ನರ್ಸಮ್ಮನನ್ನು ಕೂಗಿ ಕರೆದರು. ಅಕಸ್ಮಾತ್ ಎಂಜಿನ್ ನಿಂತರೆ? ಹುಟ್ಟು ಹಾಕಲು ನನ್ನನ್ನು ಹತ್ತಿಸಿದರು. ಅಕಸ್ಮಾತ್ ಪೆಟ್ರೋಲ್ ಸಾಲದಿದ್ದರೆ? ಮತ್ತೆರಡು ಕ್ಯಾನ್ ಬಂದವು. ಮೆಕ್ಯಾನಿಕ್ ಹೇಳಿದ ಭಾರದ ಮಾತು ಭಾವನಿಗೂ ನೆನಪಾಗಲಿಲ್ಲ, ನನಗೂ ಸಹ.

ದಡ ಬಿಟ್ಟ ಮೇಲೆ ದೋಣಿಯ ಮೂತಿ ಮೇಲೆದ್ದಿತು, ಹಿಂಭಾಗ ಕುಸಿಯಿತು. ಎಂಜಿನ್ ನರಳಿತು. ಮೊದಲಿಗಿಂತಲೂ ನಿಧಾನವಾಗಿ ತೆವಳುತ್ತಿದ್ದೆವು. ಕ್ಯಾನುಗಳನ್ನು ನೀರಿಗೆಸೆದೆವು. ಆದರೂ ದೋಣಿ ಮೇಲೇಳಲಿಲ್ಲ. ಮಗಳ ಕಣ್ಣು ತೇಲತೊಡಗಿತ್ತು.

ಅರ್ಧ ದಾರಿಯಲ್ಲಿ, ದೋಣಿಗಳಿಗೆ ದಾರಿ ತೋರಿಸುವ ದೀಪದ ಕಂಬಕ್ಕೆ ಕಟ್ಟಿದ ಸಿಮೆಂಟ್ ಕಟ್ಟೆಯಿದೆ.

“ಅಲ್ಲಿ ನಿಲ್ಲಿಸಿ. ನಾನೂ ತಮ್ಮನೂ ಇಳೀತೀವಿ,” ಎಂದಳು ಅಕ್ಕ.

“ಅಮ್ಮಾ, ಹೋಗ್ಬೇಡ,” ಎಂದಳು ಮಗಳು. ಅಕ್ಕ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಇಳಿದಳು.

ಹಗುರಾದ ದೋಣಿ ಎದ್ದು ಓಡಿತು. ಕಟ್ಟೆಯ ಮೇಲೆ ನಾವಿಬ್ಬರು, ಸುತ್ತ ನೀರು. ಸಂಜೆ ಹೊತ್ತಿಗೆ ದೋಣಿ ಕಾಣಿಸಿತು. ಅದರಲ್ಲಿ ಭಾವ ಒಬ್ಬರೇ, ಆದರೂ ನಿಧಾನವಾಗಿ ಬರುತ್ತಿತ್ತು. ಒಳ್ಳೆಯ ಸುದ್ದಿಯಿದ್ದರೆ ಹೀಗೆ ಬರುತ್ತಾರೆಯೇ? ಅಕ್ಕ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಳು.

“ಹೆಣ್ಣು! ಇಬ್ಬರೂ ಚೆನ್ನಾಗಿದ್ದಾರೆ!” ಭಾವ ದೂರದಿಂದಲೇ ಕೂಗಿದರು.

ಅಕ್ಕ ಅಲ್ಲೇ ಕುಸಿದು ಕೂತಳು. ಆಮೇಲೆ ಗಂಡನ ಮೇಲೆ ಹರಿಹಾಯ್ದಳು. “ಹಾಗಾದ್ರೆ ಜೋರಾಗಿ ಬರೋಕೇನಾಗಿತ್ತು? ಜೀವ ಹೋಯ್ತು ನನಗೆ!”

“ಕೈ ನಡುಗ್ತಾ ಇತ್ತು ಕಣೇ. ಜೋರಾಗಿ ಓಡಿಸೋಕೇ ಆಗ್ಲಿಲ್ಲ.”

ಅಕ್ಕ ದೋಣಿ ಹತ್ತಿ ಕಣ್ಣೊರೆಸಿಕೊಂಡಳು. “ಮಗು ಯಾರ ಥರ ಇದೆ?”

“ಗೊತ್ತಿಲ್ಲ,” ಎಂದರು ಭಾವ. “ಆಸ್ಪತ್ರೆ ನರ್ಸು ತೋರಿಸೋಕೆ ಎತ್ಕೊಂಡು ಬಂದ್ಲು. ನಾನು ನೋಡ್ಲಿಲ್ಲ. ನಿನ್ನನ್ನ ಅರ್ಧ ದಾರೀಲಿ ಇಳಿಸಿ ಹೋದವನು, ನಿನಗಿಂತ ಮೊದಲು ಹೇಗೆ ನೋಡ್ಲಿ?”